ಬೆಚ್ಚಗಿಟ್ಟ ಲೋಳೆ

ಕೊರಿಯಾಕ್ಕೆ ಹೋಗಿ ಬಂದವರು ಎತ್ತರದ ಕಟ್ಟಡಗಳನ್ನು ತೋರಿಸುತ್ತಾರೆ, ಹಿಮ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಇರುವುದು ಹೆಚ್ಚಾಗಿ ಲೋಳೆಯ ಫೋಟೋಗಳು. ಬಕೆಟ್ಟಿನಲ್ಲಿ ಲೋಳೆ, ಬೆರಳಿನಿಂದ ಜೋತುಬಿದ್ದ ಲೋಳೆ, ಲೋಳೆ ಮೆತ್ತಿದ ಕೈಯೆತ್ತಿ ನಗುತ್ತಿರುವ ಒಬ್ಬ ವಯಸ್ಸಾದ ಹೆಣ್ಣುಮಗಳು. ಜೇವರ್ಗಿಯ ನಮ್ಮ ಓಣಿಯವರು ನಾಲ್ಕು ಫೋಟೋ ನೋಡುವಷ್ಟರಲ್ಲಿ ದಣಿದು, "ಅಲ್ರಿ ಮೇಡಂ, ವಿಮಾನ ಹತ್ತಿ ಹೋಗಿ ಇದನ್ನ ನೋಡ್ಕೊಂಡ್ ಬಂದ್ರೇನ್ರಿ?" ಎಂದು ಫೋನು ವಾಪಸು ಕೊಟ್ಟರು. ಹೌದು, ಅದನ್ನೇ ನೋಡಿಕೊಂಡು ಬಂದೆ.

ನನ್ನ ಕೆಲಸವೇ ಅಂಥದ್ದು. ಭೀಮಾ ಹೊಳೆಯ ನೀರನ್ನು ತಿಳಿಮಾಡಿ ಊರಿಗೆ ಬಿಡುವ ಘಟಕದಲ್ಲಿ ನಾನು ಕೆಮಿಸ್ಟ್. ಮಳೆಗಾಲದಲ್ಲಿ ಹೊಳೆ ಚಹಾದ ಬಣ್ಣಕ್ಕೆ ತಿರುಗಿದಾಗ ಫಟಕಿ ಹಾಕುತ್ತೇವೆ. ಫಟಕಿಗೂ ಬಗ್ಗದಿದ್ದರೆ ಒಂದು ಬಿಳಿ ಪುಡಿ ಇದೆ. ಚಿಟಿಕೆ ಪುಡಿ ಬಕೆಟ್ ನೀರಿಗೆ ಬಿದ್ದು ನೆನೆದರೆ ಬೆಂಡೆಕಾಯಿಯ ಲೋಳೆಯಂತೆ ನೂಲು ನೂಲಾಗುತ್ತದೆ. ಅದು ನೀರಿನಲ್ಲಿ ತೇಲುವ ಮಣ್ಣನ್ನೆಲ್ಲ ಹಿಡಿದು, ಗುಂಪು ಕಟ್ಟಿಸಿ, ತಳಕ್ಕೆ ಕೂರಿಸುತ್ತದೆ. ಇದನ್ನು ಹದವಾಗಿ ಬಳಸುವುದನ್ನು ಕಲಿಸಲು ದೇಗು ಎಂಬ ನಗರದಲ್ಲಿ ತರಬೇತಿ ಇತ್ತು. ನನ್ನ ಹೆಸರು ಬಂತು. ಡಿಸೆಂಬರ್ ಚಳಿಗೆ ಎರಡು ಸ್ವೆಟರು, ಹೊಟ್ಟೆಗೆ ಕಡಕ್ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ, ಒಂದು ಡಬ್ಬಿ ಶೇಂಗಾ ಉಂಡೆ ಕಟ್ಟಿಕೊಂಡು ಹೊರಟೆ.

ದೇಗುವಿನಿಂದ ಬಸ್ಸು

ಅಲ್ಲಿ ನಮಗೆ ಪಾಠ ಹೇಳುತ್ತಿದ್ದ ಇಂಜಿನಿಯರ್ ಸುಜಿನ್. ನನಗಿಂತ ಚಿಕ್ಕವಳು, ಮಾತು ಕಡಿಮೆ, ನಗು ಜಾಸ್ತಿ. ಒಂದು ದಿನ ಲೋಳೆಯ ಬಕೆಟ್ ಕಲಕುತ್ತ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: "ಇದೇ ಜಾತಿಯ ಪುಡಿಯನ್ನು ನಮ್ಮಲ್ಲಿ ಕಾಗದ ಮಾಡುವವರೂ ಬಳಸುತ್ತಾರೆ. ದೊಡ್ಡ ಕಾರ್ಖಾನೆಯವರು ಮಾತ್ರ ಅಲ್ಲ, ಮನೆಯಲ್ಲಿ ಕೈಯಿಂದ ಮಾಡುವವರೂ. ನಮ್ಮಪ್ಪ ಒಬ್ಬರು ಮುಟ್ಟುವುದಿಲ್ಲ."

ರಜೆ ಕೂಡಿಬಂದಿತ್ತು. ಅವಳು ತವರಿಗೆ ಹೊರಟಾಗ ನನ್ನನ್ನೂ ಕರೆದಳು.

ಬಸ್ಸಿನಲ್ಲಿ ಪಿಟ್ ಎನ್ನುವ ಪಿಳ್ಳೆಯಿಲ್ಲ. ಜೇವರ್ಗಿಯಿಂದ ನೆಲೋಗಿ ಮುಟ್ಟುವಷ್ಟರಲ್ಲಿ ನಮಗೆ ಪಕ್ಕದ ಸೀಟಿನವರ ಮಗಳ ಮದುವೆ ಎಲ್ಲಿಗೆ ಬಂತು ಎಂಬುದು ತಿಳಿದಿರುತ್ತದೆ. ಇಲ್ಲಿ ಎಲ್ಲರೂ ಉಸಿರನ್ನೂ ಟಿಕೆಟ್ ತೆಗೆದುಕೊಂಡು ಬಿಡುತ್ತಿದ್ದಂತಿತ್ತು. ಸುಮ್ಮನಿರಲಾರದೆ ಆಚೆ ಸೀಟಿನ ಅಜ್ಜಿಗೆ ಒಂದು ಶೇಂಗಾ ಉಂಡೆ ಕೊಟ್ಟೆ. ಅವಳು ಎರಡೂ ಕೈಯಿಂದ ತೆಗೆದುಕೊಂಡು, ಗಾಬರಿಯಾಗಿ ಚೀಲ ತಡಕಾಡಿ, ಒಂದು ಕಿತ್ತಳೆ ಕೊಟ್ಟಳು. ಮರ್ಯಾದೆಗೆಂದು ನಾನು ಇನ್ನೊಂದು ಉಂಡೆ ಕೊಟ್ಟೆ. ಅವಳು ಇನ್ನೊಂದು ಕಿತ್ತಳೆ ಕೊಟ್ಟಳು. ನಾನು ಮತ್ತೆ ಡಬ್ಬಿಗೆ ಕೈಹಾಕಿದಾಗ ಸುಜಿನ್ ತಡೆದಳು. "ದಯವಿಟ್ಟು ನಿಲ್ಲಿಸಿ. ಅವರು ಮೊಮ್ಮಕ್ಕಳಿಗೆ ಒಯ್ಯುತ್ತಿರುವ ಹಣ್ಣು ಅದು. ನೀವು ಕೊಡುವವರೆಗೂ ಅವರು ಕೊಡಲೇಬೇಕು."

ಆಮೇಲೆ ಅವಳು ಮನೆಯ ಸಂಗತಿ ಹೇಳಿದಳು. ಅಪ್ಪ ತೊಟ್ಟಿಯ ಮುಂದೆ ನಿಂತು ಕಾಗದ ಎತ್ತುತ್ತಾರೆ. ಅದಕ್ಕೆ ಬೇಕಾದ ಲೋಳೆಯನ್ನು ಅಮ್ಮ ಒಂದು ಗಿಡದ ಬೇರು ಕುಟ್ಟಿ ತೆಗೆಯುತ್ತಾರೆ. ಮದುವೆಯಾಗಿ ಬಂದ ಚಳಿಗಾಲದಿಂದ ಇದೇ ಪದ್ಧತಿ. ಈಗ ಅಮ್ಮನ ಬಲಗೈ ಮಣಿಕಟ್ಟು ಹೋಗಿದೆ. ಇನ್ನು ಕುಟ್ಟಿದರೆ ಆ ಕೈಯಲ್ಲಿ ಊಟದ ಚಮಚವನ್ನೂ ಹಿಡಿಯಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಪ್ಪನಿಗೆ ಪುಡಿಯ ಮಾತೆತ್ತಿದರೆ ಆಗದು. ಬೇರಿಲ್ಲದ ಕಾಗದ ಕಾಗದವೇ ಅಲ್ಲ ಎನ್ನುತ್ತಾರೆ.

"ಮತ್ತೆ ಈ ವರ್ಷ ಯಾರು ಕುಟ್ಟುತ್ತಿದ್ದಾರೆ?" ಎಂದೆ.

"ಅಮ್ಮನೇ," ಎಂದು ಸುಜಿನ್ ಕಿಟಕಿಯ ಕಡೆ ತಿರುಗಿದಳು.

ಕಾಗದದ ನೆಲ

ಊರು ಎರಡು ಗುಡ್ಡಗಳ ನಡುವೆ ಒಂದು ತೊರೆಯ ದಂಡೆಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದು ನಮ್ಮ ಮನೆಯ ಹಾಗೇ. ಅವಳು ಕೂಗಿದ್ದೂ "ಅಪ್ಪಾ" ಎಂದೇ. ನಾನು ಬೆಪ್ಪಾಗಿ ನಿಂತೆ. ಅವರ ಭಾಷೆಯಲ್ಲೂ ತಂದೆ ಅಪ್ಪ, ತಾಯಿ ಹೆಚ್ಚುಕಡಿಮೆ ಅಮ್ಮ. ಹೊಸ ಹೆಸರು ಕಲಿಯುವ ತಾಪತ್ರಯ ತಪ್ಪಿತೆಂದು ನಾನೂ ಹಾಗೇ ಕರೆದೆ. ಇಬ್ಬರೂ ಸಂಕೋಚದಿಂದ ನಕ್ಕರು.

ನಾನು ಯಾವ ಊರಿಗೆ ಹೋದರೂ ಕೊಟ್ಟ ನೀರಿನ ಲೋಟವನ್ನು ಮೊದಲು ಬೆಳಕಿಗೆ ಹಿಡಿಯುತ್ತೇನೆ. ಕೆಟ್ಟ ಚಟ, ಬೀಗರ ಮನೆಯಲ್ಲೂ ಬಿಟ್ಟಿಲ್ಲ. ಅಲ್ಲಿಯೂ ಹಿಡಿದೆ. ಅಪ್ಪ ಅದನ್ನು ನೋಡಿದರು. ಆಮೇಲೆ ನಾನು ಕೊಟ್ಟ ಕಡಕ್ ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರೂ ಕಿಟಕಿಯ ಬೆಳಕಿಗೆ ಎತ್ತಿದರು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡಿ, ಅಂಚು ಸವರಿ, ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಗಂಭೀರವಾಗಿ ಏನೋ ಹೇಳಿದರು.

"ಒಳ್ಳೆಯ ಹಾಳೆ, ಎತ್ತಿದವರು ಯಾರು ಅಂತ ಕೇಳುತ್ತಿದ್ದಾರೆ," ಎಂದಳು ಸುಜಿನ್.

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬಡಿದದ್ದು ಎಂದೆ. ಅವರು ತಲೆಯಾಡಿಸಿ, ಮುರಿದು, ಹಿಂಡಿ ಹಚ್ಚಿಕೊಂಡು ತಿಂದರು. ಅವರ ಉಪ್ಪಿನಕಾಯಿಯಂಥ ಸೊಪ್ಪಿನಲ್ಲಿ ಮೀನಿನ ರಸ ಇರುತ್ತದೆಂದು ತಿಳಿದು ನಾನು ಕೈ ಹಿಂದೆಗೆದಾಗ ಅಮ್ಮ ನನಗಾಗಿ ಬೇರೆಯೇ ಅಡುಗೆ ಮಾಡಿದರು. ಅದರಲ್ಲಿ ಒಂದು ಕೆಂಪು ಜೋಳದ ದೋಸೆ. ಸಮುದ್ರ ದಾಟಿ ಹೋದರೂ ಜೋಳ ನಮ್ಮನ್ನು ಬಿಡಲಿಲ್ಲ.

ನನಗೆ ಕೊಟ್ಟ ಕೋಣೆಯ ನೆಲವೂ ಕಾಗದವೇ. ದಪ್ಪ ಹಾಳೆಗಳನ್ನು ಅಂಟಿಸಿ, ಎಣ್ಣೆ ಕುಡಿಸಿ ಕುಡಿಸಿ ಜೇನಿನ ಬಣ್ಣಕ್ಕೆ ತಂದಿದ್ದರು. ನೆಲದ ಅಡಿಯಲ್ಲಿ ಹೊಗೆ ಹರಿಯುವ ಕಾಲುವೆ. ಹೊರಗಿನ ಒಲೆಯಲ್ಲಿ ಕಟ್ಟಿಗೆ ಉರಿಸಿದರೆ ನೆಲ ಕಾಯುತ್ತದೆ. ಒಲೆಗೆ ಹತ್ತಿರದ ಮೂಲೆ ಎಲ್ಲಕ್ಕಿಂತ ಬೆಚ್ಚಗೆ, ಅದು ಮನೆಯ ಹಿರಿಯರಿಗೆ ಅಥವಾ ಅತಿಥಿಗೆ ಮೀಸಲು. ನಮ್ಮಲ್ಲಿ ಅತಿಥಿಗೆ ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಡುವ ಹಾಗೆ.

ತೊಟ್ಟಿಯ ಮನೆ

ಬೆಳಿಗ್ಗೆ ಎಚ್ಚರವಾದದ್ದು ಕುಟ್ಟುವ ಸದ್ದಿಗೆ. ಟಕ್, ಟಕ್, ಟಕ್. ಹಗುರವಾಗಿ, ಒಂದೇ ತೂಕದಲ್ಲಿ. ಹಿತ್ತಲ ಕೊಟ್ಟಿಗೆಯಲ್ಲಿ ಅಮ್ಮ ಕುಟ್ಟುತ್ತಿದ್ದಾರೆ ಎಂದು ತಿಳಿಯಿತು. ಆ ಮಣಿಕಟ್ಟು ನೆನಪಾಗಿ ಮತ್ತೆ ಮಲಗಲಾಗದೆ ಎದ್ದೆ.

ತೊಟ್ಟಿ ಇದ್ದದ್ದು ಪಕ್ಕದ ತಗಡಿನ ಮನೆಯಲ್ಲಿ. ಒಳಗೆ ಹೊರಗಿಗಿಂತ ಚಳಿ. ನೀರಿನಲ್ಲಿ ಬೇಯಿಸಿ ಬಡಿದ ಮರದ ತೊಗಟೆಯ ನಾರು ಮೋಡದಂತೆ ತೇಲುತ್ತಿತ್ತು. ಅಪ್ಪ ಬಕೆಟ್ಟಿನಿಂದ ಲೋಳೆ ಸುರಿದು ಕೋಲಿನಿಂದ ಕಲಕಿದರು. ಮಾಡಿನಿಂದ ಒಂದೇ ಹಗ್ಗದಲ್ಲಿ ಜೋತುಬಿದ್ದ ಚೌಕಟ್ಟು, ಅದರ ಮೇಲೆ ಬಿದಿರು ಕಡ್ಡಿಯ ಚಾಪೆ. ಅದನ್ನು ಮುಳುಗಿಸಿ, ನೀರು ತುಂಬಿ, ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ತೂಗಿ ಚೆಲ್ಲಿದರು. ಚಾಪೆಯ ಮೇಲೆ ಒದ್ದೆ ಹಾಳೆಯೊಂದು ಉಳಿದಿತ್ತು.

ನನಗೆ ಒಂದು ಒಗಟು. ಜೇವರ್ಗಿಯಲ್ಲಿ ಲೋಳೆ ಹಾಕುವುದು ಕಣಗಳು ಒಂದುಗೂಡಿ ತಳ ಸೇರಲಿ ಎಂದು. ಇಲ್ಲಿ ಅಪ್ಪ ಹಾಕುವುದು ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಬಿಡಿಬಿಡಿಯಾಗಿ ತೇಲಲಿ, ಚಾಪೆಯಿಂದ ನೀರು ನಿಧಾನವಾಗಿ ಇಳಿಯಲಿ ಎಂದು. ಪುಡಿ ಹಾಕಿದರೂ ಹೀಗೇ ಆಗುತ್ತದಂತೆ. ನೂಲು ಒಂದೇ, ಕಟ್ಟಿಹಾಕಲಿಕ್ಕೂ ಬರುತ್ತದೆ, ಬಿಡಿಸಿ ಇಡಲಿಕ್ಕೂ ಬರುತ್ತದೆ ಎಂದು ಸುಜಿನ್ ನಕ್ಕಳು. ದೊಡ್ಡ ಕಾರ್ಖಾನೆಯಲ್ಲಿ ಸಣ್ಣ ನಾರು ನೀರಿನೊಂದಿಗೆ ಹರಿದುಹೋಗದಂತೆ ಹಿಡಿಯುವುದಕ್ಕೂ ಇಂಥದೇ ಪುಡಿ.

ಅಮ್ಮ ಆ ಬೇರಿನ ಗಿಡದ ಫೋಟೋ ತೋರಿಸಿದರು. ಅಗಲವಾದ ತಿಳಿ ಹಳದಿ ಹೂವು, ನಡುವೆ ಕಡು ಕೆಂಪು ಕಣ್ಣು. ಥೇಟ್ ಬೆಂಡೆಯ ಹೂವು! ನಮ್ಮ ಬೆಂಡೆಯ ದಾಯಾದಿಯೇ ಅದು.

"ಈ ಲೋಳೆಗೆ ಚಳಿ ಬೇಕು. ಬಿಸಿ ತಾಕಿದರೆ ನೀರಾಗಿ ಹೋಗುತ್ತದೆ. ಅದಕ್ಕೇ ಚಳಿಗಾಲದಲ್ಲಿ ಮಾತ್ರ ಕಾಗದ," ಎಂದು ಅಪ್ಪ ಹೇಳಿದರಂತೆ. ಆದರೆ ಸುಜಿನ್ ಇದನ್ನು ನನಗೆ ಆಗ ಹೇಳಲಿಲ್ಲ. ಅಪ್ಪ ಮಾರುದ್ದ ಮಾತಾಡಿದ್ದರು, ಅವಳು ಗೇಣುದ್ದ ಅನುವಾದಿಸಿದಳು: "ಚಳಿಗಾಲದ ಕೆಲಸ ಅಂತಾರೆ." ಮುಂದಿನದಕ್ಕೆಲ್ಲ ಆ ಗೇಣುದ್ದದ ಅನುವಾದವೇ ಕಾರಣ.

ಗಾಣಗಾಪುರದ ಕಾಕು

ಬೆಂಡೆಯ ದಾಯಾದಿಯನ್ನು ನೋಡಿ ಕಾಕುಗೆ ತೋರಿಸದಿದ್ದರೆ ಹೇಗೆ? ಶರಣಮ್ಮ ಕಾಕು ನಮ್ಮಪ್ಪನ ತಮ್ಮನ ಹೆಂಡತಿ. ಗಾಣಗಾಪುರದ ಹತ್ತಿರ ಭೀಮಾ ದಂಡೆಯಲ್ಲಿ ಅವರ ಕಬ್ಬಿನ ಹೊಲ. ಚಳಿಗಾಲದಲ್ಲಿ ಬೆಲ್ಲ ಮಾಡುವಾಗ ಬೆಂಡೆಯ ದಂಟು ಜಜ್ಜಿ ಲೋಳೆ ತೆಗೆಯುತ್ತಿದ್ದವಳು ಅವಳು. ಆ ಲೋಳೆ ಕುದಿಯುವ ಕಬ್ಬಿನ ಹಾಲಿಗೆ ಬಿದ್ದರೆ ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಿಂದ ತೆಗೆದು ಚೆಲ್ಲುವುದು. ಈಚೆಗೆ ಅವರಲ್ಲೂ ಅಂಗಡಿಯ ಪೌಡರ್ ಬಂದಿದೆ.

ಸಂಜೆ ಅಮ್ಮ ಮರುದಿನದ ಲೋಳೆ ಸೋಸಿ ಬಕೆಟ್ಟಿಗೆ ತುಂಬುತ್ತಿದ್ದಾಗ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಇನ್ನೂ ಮಧ್ಯಾಹ್ನ.

"ಏನ್ ಬೇ, ಉಂಡೇನು? ಹಂಗ್ಯಾಕ ಕರಡಿಯಂಗ ಉಡುಪು ಹಾಕ್ಕೊಂಡೀದಿ?"

"ಕಾಕು, ಇಲ್ಲಿ ನೋಡ್ರಿ. ಇದೇನು ಹೇಳ್ರಿ." ಬಕೆಟ್ ತೋರಿಸಿದೆ.

"ಅಯ್ಯ, ಬೆಂಡಿ ಲೋಳಿ! ಅಲ್ಲೀನೂ ಬೆಲ್ಲ ಮಾಡ್ತಾರೇನ?"

"ಇಲ್ರಿ, ಕಾಗದ ಮಾಡ್ತಾರ."

"ಲೋಳ್ಯಾಗ ಕಾಗದ! ಶಿವನೇ." ಆಮೇಲೆ ಅವಳ ದೃಷ್ಟಿ ಬಕೆಟ್ ಬಿಟ್ಟು ಮೇಲೆ ಹೋಯಿತು. "ಅಕೀ ಕೈಗೆ ಏನಾಗ್ಯಾದ ಬೇ? ಪಟ್ಟಿ ಯಾಕ ಸುತ್ಯಾರ?"

"ಕುಟ್ಟಿ ಕುಟ್ಟಿ ಮಣಿಕಟ್ಟು ಹೋಗ್ಯಾದಂತ್ರಿ."

ಕಾಕು ತನ್ನ ಬಲಗೈ ಎತ್ತಿ ಕ್ಯಾಮೆರಾದ ಮುಂದೆ ತಿರುಗಿಸಿ ತೋರಿಸಿದಳು. ಅದು ಪೂರ್ತಿ ತಿರುಗಲಿಲ್ಲ. ಅಮ್ಮ ನೋಡಿದರು. ಲೋಳೆ ಮೆತ್ತಿದ ಕೈಯನ್ನೇ ಎತ್ತಿ ತಿರುಗಿಸಿದರು. ಅದೂ ಅಷ್ಟಕ್ಕೇ ನಿಂತಿತು. ಇಬ್ಬರೂ ನಗಲು ಶುರುಮಾಡಿದರು. ಓಣಿಯವರಿಗೆ ತೋರಿಸಿದ ಆ ನಗುವ ಫೋಟೋ ಆಗ ತೆಗೆದದ್ದೇ.

ಫೋನಿಡುವ ಮೊದಲು ಕಾಕು ಕೇಳಿದಳು: "ಇಷ್ಟು ಥಂಡ್ಯಾಗ ಲೋಳಿ ಬಯಲಾಗ ಇಟ್ಟಾರಲ್ಲ, ಕೆಡಂಗಿಲ್ಲೇನು? ಬೆಂಡಿಗಿ ಬಿಸಿ ಬೇಕು ಬೇ. ಒಲಿ ಮಗ್ಗಲಕ ಇಡು ಅಂತ ಹೇಳು ಅಕಿಗೆ. ಅಕೀ ಕೈಲೆ ಎತ್ತಸಬ್ಯಾಡ, ನೀನ ಎತ್ತಿ ಇಡು."

ಹೇಳುವ ಗೊಡವೆಗೆ ಹೋಗಲಿಲ್ಲ, ಮಾಡಿಯೇಬಿಟ್ಟೆ. ಊಟವಾದ ಮೇಲೆ ಕೊಟ್ಟಿಗೆಗೆ ಹೋದಾಗ ಬಕೆಟ್ಟಿನ ಮೇಲೆ ತೆಳ್ಳಗೆ ಮಂಜಿನ ಕೆನೆ ಕಟ್ಟುತ್ತಿತ್ತು. ಆ ಕೈಯಿಂದ ಕುಟ್ಟಿ ತೆಗೆದ ಲೋಳೆ ಹೆಪ್ಪುಗಟ್ಟಿ ಹಾಳಾಗುವುದೇ? ಹೊತ್ತು ತಂದು ನನ್ನ ಕೋಣೆಯ ಬೆಚ್ಚನೆಯ ಮೂಲೆಯಲ್ಲಿಟ್ಟು, ಮೇಲೆ ಒಂದು ರಜಾಯಿ ಹೊದಿಸಿದೆ. ಕೆಮಿಸ್ಟ್ರಿ ಓದಿದ ಹೆಂಗಸು ನಾನು. ಆದರೆ ಕಾಕು ಹೇಳಿದ ಮೇಲೆ ಕೆಮಿಸ್ಟ್ರಿಯನ್ನು ಯಾರು ಕೇಳುತ್ತಾರೆ?

ಬೆಚ್ಚನೆಯ ಮೂಲೆ

ಬೆಳಿಗ್ಗೆ ಅಪ್ಪ ಬಕೆಟ್ ಹುಡುಕುತ್ತಿದ್ದರು. ನಾನು ದೊಡ್ಡ ಉಪಕಾರ ಮಾಡಿದವಳ ಠೀವಿಯಲ್ಲಿ ಅವರನ್ನು ಕರೆದು ರಜಾಯಿ ತೆಗೆದು ತೋರಿಸಿದೆ. ಅಪ್ಪನ ಮುಖ ಬಿಳಿಚಿತು. ಸುಜಿನ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಗ ಹೇಳಿದಳು, ಬಿಸಿ ತಾಕಿದರೆ ಬೇರಿನ ಲೋಳೆ ನೀರಾಗುತ್ತದೆ ಎಂಬುದನ್ನು.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಮ್ಮನ ಒಂದು ದಿನದ ಕೈನೋವನ್ನು ನಾನು ನೀರು ಮಾಡಿದ್ದೆ. ಅಮ್ಮನ ಕಡೆ ನೋಡಿದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಯಾಕೆಂದು ಆಗ ತಿಳಿಯಲಿಲ್ಲ.

ಅಪ್ಪ ಮೊಣಕಾಲೂರಿ ಕೈ ಅದ್ದಿ ಮೇಲೆತ್ತಿದರು. ಬೆರಳುಗಳಿಂದ ಬಕೆಟ್ಟಿನವರೆಗೆ ಲೋಳೆ ನೂಲಾಗಿ ಇಳಿಯಿತು. ಅವರು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದರು. ನೂಲು ತುಂಡಾಗಲಿಲ್ಲ. ಬಿಸಿ ನೆಲದ ಮೇಲೆ ರಾತ್ರಿಯಿಡೀ ಇದ್ದ ಬಕೆಟ್ಟು, ಲೋಳೆ ನಿನ್ನೆಯಷ್ಟೇ ಗಟ್ಟಿ.

ಆ ನೂಲು ನನಗೆ ಗುರುತಿನದು. ಜೇವರ್ಗಿಯಲ್ಲಿ ದಿನಾ ನೋಡುತ್ತೇನೆ. ಅದು ಬೇರಲ್ಲ, ಪುಡಿ.

ಅಮ್ಮ ನೆಲ ನೋಡುತ್ತಿದ್ದರು, ಸುಜಿನ್ ಗೋಡೆ ನೋಡುತ್ತಿದ್ದಳು. ಅಪ್ಪ ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದರು.

ಸುಜಿನ್ ಧ್ವನಿ ಸಣ್ಣಗಾಗಿತ್ತು. "ರಾತ್ರಿ ನಿಮ್ಮ ಕೋಣೆಯಲ್ಲಿ ತುಂಬಾ ಚಳಿ ಇತ್ತಾ ಅಂತ ಕೇಳುತ್ತಿದ್ದಾರೆ."

ರಾತ್ರಿ ನಾನು ಸೆಕೆ ತಾಳಲಾರದೆ ಎರಡೂ ಸ್ವೆಟರು ಬಿಚ್ಚಿದ್ದೆ. ಅಮ್ಮನ ಪಟ್ಟಿ ಸುತ್ತಿದ ಕೈ ಉಡುಪಿನ ಅಂಚನ್ನು ಸೀರೆಯ ಸೆರಗಿನಂತೆ ಹಿಡಿದಿತ್ತು. "ಹೌದು," ಎಂದೆ. "ವಿಪರೀತ ಚಳಿ. ಹಲ್ಲು ಕಟಕಟ ಅಂದವು."

ಅಪ್ಪ ತಲೆಯಾಡಿಸಿದರು. "ಹಾಗಾದರೆ ಸರಿ, ಲೋಳೆ ಉಳಿಯಿತು," ಎಂದು ಬಕೆಟ್ ಎತ್ತಿಕೊಂಡು ತೊಟ್ಟಿಗೆ ಹೋದರು. ದಿನವಿಡೀ ಅದರಲ್ಲೇ ಕಾಗದ ಎತ್ತಿದರು. ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

ತೊರೆಯಲ್ಲಿ ತೊಗಟೆ ತೊಳೆಯುವಾಗ ಸುಜಿನ್ ಬಾಯಿಬಿಟ್ಟಳು. ಹೋದ ಚಳಿಗಾಲದಲ್ಲಿ ಅಮ್ಮನಿಗೆ ಪುಡಿಯ ಡಬ್ಬಿ ತಂದುಕೊಟ್ಟವಳು ಅವಳೇ. ಅದು ಉಪ್ಪಿನಕಾಯಿಯ ಜಾಡಿಗಳ ಹಿಂದೆ ಇದೆ. ಸಂಜೆ ಸೋಸಿ ತುಂಬುವುದೆಲ್ಲ ನಮ್ಮಂಥವರ ಕಣ್ಣಿಗೆ.

"ಮತ್ತೆ ಬೆಳಿಗ್ಗೆ ಕುಟ್ಟುವ ಸದ್ದು?"

"ಅದು ಹಳೆಯ ಬೇರಿನ ಒಂದು ತುಂಡು. ಎಡಗೈಯಲ್ಲಿ ಸುಮ್ಮನೆ ಕಲ್ಲಿಗೆ ಬಡಿಯುತ್ತಾರೆ. ಅಪ್ಪನಿಗೆ ಕೇಳಿಸಲಿ ಅಂತ."

ಒಂದಿಡೀ ಚಳಿಗಾಲ ಆ ಹೆಣ್ಣುಮಗಳು ಕಾಗದಕ್ಕಲ್ಲ, ಗಂಡನ ಕಿವಿಗೆ ಕುಟ್ಟಿದ್ದಳು.

ಸುಳ್ಳಿನ ಫಲ ನನಗೆ ಅಂದು ರಾತ್ರಿಯೇ ಸಿಕ್ಕಿತು. ಅತಿಥಿಗೆ ಚಳಿಯಾಯಿತಂತೆ ಎಂದು ಅಪ್ಪ ಒಲೆಗೆ ದುಪ್ಪಟ್ಟು ಕಟ್ಟಿಗೆ ಒಟ್ಟಿದ್ದರು. ಮಾಡಿದ್ದುಣ್ಣೋ ಮಹಾರಾಯ. ಆ ಕಾಗದದ ನೆಲದ ಮೇಲೆ ನಾನು ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗಲು ಬದಲಿಸಿದೆ.

ಹೊರಡುವ ದಿನ

ಮರುದಿನವೂ ಎಚ್ಚರವಾದದ್ದು ಕುಟ್ಟುವ ಸದ್ದಿಗೇ. ಆದರೆ ಇದು ಬೇರೆ ಸದ್ದು. ಧಡ್. ಸ್ವಲ್ಪ ಹೊತ್ತು ಏನಿಲ್ಲ. ಧಡ್ ಧಡ್. ಏನೋ ಉರುಳಿ ಬಿತ್ತು. ಮತ್ತೆ ಧಡ್.

ಕೊಟ್ಟಿಗೆಗೆ ಹೋದೆ. ಅಮ್ಮನ ಗಿಡ್ಡ ಮಣೆಯ ಮೇಲೆ ಅಪ್ಪ ಕುಳಿತಿದ್ದರು. ಮೊಣಕಾಲು ಕಿವಿಗೆ ತಾಗುತ್ತಿತ್ತು. ಮರದ ಕೊಡತಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಬೇರಿನ ಮೇಲೆ ಹೊಡೆಯುತ್ತಿದ್ದರು. ಬೇರು ಜಜ್ಜುವ ಬದಲು ಹಾರಿ ಹಾರಿ ಹೋಗುತ್ತಿತ್ತು. ಹೆಕ್ಕಿ ತಂದು ಮತ್ತೆ ಹೊಡೆಯುತ್ತಿದ್ದರು. ಜೀವಮಾನವೆಲ್ಲ ಹಾಳೆ ಎತ್ತಿದ ಮನುಷ್ಯ, ಕುಟ್ಟಲು ಬಾರದು. ಬಾಗಿಲಲ್ಲಿ ಅಮ್ಮ, ಅವರ ಹಿಂದೆ ಸುಜಿನ್.

ಅಪ್ಪ ತಲೆಯೆತ್ತದೆ ಹೆಂಡತಿಗೆ ಏನೋ ಕೇಳಿದರು. ಸುಜಿನ್ ಅನುವಾದಿಸಿದಳು.

"ಸದ್ದು ಸರಿಯಾಗಿ ಬರುತ್ತಿದೆಯಾ ಅಂತ ಕೇಳುತ್ತಿದ್ದಾರೆ."

ಅಂದರೆ ಅವರಿಗೆ ಗೊತ್ತಿತ್ತು. ನಿನ್ನೆಯಲ್ಲ, ಹೋದ ಚಳಿಗಾಲದಿಂದಲೇ ಗೊತ್ತಿತ್ತು. ಮದುವೆಯಾದಾಗಿನಿಂದ ಕೇಳಿದ ಸದ್ದು ಹಗುರಾದರೆ ಯಾವ ಕಿವಿಗೆ ತಿಳಿಯುವುದಿಲ್ಲ? ಗೊತ್ತಿದ್ದೂ ಬಾಯಿಬಿಡದೆ, ಆ ಲೋಳೆಯಲ್ಲೇ ಹಾಳೆ ಎತ್ತಿದ್ದರು. ಒಪ್ಪಿಕೊಳ್ಳಲು ಹಟ ಬಿಡಲಿಲ್ಲ, ಅಷ್ಟೇ.

ಅಮ್ಮ ಪಟ್ಟಿ ಸುತ್ತಿದ ಕೈಯನ್ನು ಬಾಯಿಗಿಟ್ಟುಕೊಂಡು ನಕ್ಕರು. ಕಣ್ಣಲ್ಲಿ ನೀರಿತ್ತು. ಹೊರಗೆ ಹೋಗಿ ಜಾಡಿಗಳ ಹಿಂದಿನಿಂದ ಪುಡಿಯ ಡಬ್ಬಿ ತಂದು, ಎಲ್ಲರಿಗೂ ಕಾಣುವಂತೆ ಕುಟ್ಟುವ ಕಲ್ಲಿನ ಪಕ್ಕದಲ್ಲಿಟ್ಟರು. ಅಪ್ಪ ಅದನ್ನು ನೋಡಿದರು, ಬೇಡ ಎನ್ನಲಿಲ್ಲ. ಕುಟ್ಟುವುದನ್ನೂ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕಾಕು. ಅಲ್ಲಿ ಇನ್ನೂ ಕೋಳಿ ಕೂಗುವ ಹೊತ್ತು.

"ಲೋಳಿ ಏನಾತು ಬೇ? ಒಲಿ ಮಗ್ಗಲಕ ಇಟ್ಟೇನು?"

"ಇಟ್ಟೆ ಕಾಕು. ಏನೇನೋ ಆತ್ರಿ. ಈಗ ಇದನ್ನ ನೋಡ್ರಿ." ಕ್ಯಾಮೆರಾ ಅಪ್ಪನ ಕಡೆ ತಿರುಗಿಸಿದೆ. ಹೆಂಡತಿಯ ಕೈ ಹೋಗಿದೆಯೆಂದು ತಾವೇ ಕುಟ್ಟಲು ಕುಳಿತಿದ್ದಾರೆ ಎಂದೆ.

ಕಾಕು ಕಣ್ಣು ಕಿರಿದು ಮಾಡಿ ನೋಡಿದಳು. "ಕೊಡತಿ ಅಷ್ಟು ಮ್ಯಾಲ ಎತ್ತಬಾರ್ದು ಅಂತ ಹೇಳು ಅವ್ರಿಗೆ. ಭುಜ ಹಿಡೀತದ. ಸಣ್ಣಗ, ಕೂಡಿಸಿ ಕೂಡಿಸಿ ಹೊಡೀಬೇಕು."

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಸುಜಿನ್ ಅವರಿಗೆ ತಿಳಿಸಿದಳು. ಅಪ್ಪ ಫೋನಿನ ಕಡೆ ತಲೆಬಾಗಿ, ಕೊಡತಿಯನ್ನು ಕೆಳಗೆ ಹಿಡಿದು ಹೊಡೆದರು. ಬೇರು ಹಾರಲಿಲ್ಲ. ಲೋಳೆ ಒಸರಿತು.

"ಹಾಂ, ಹಂಗ," ಎಂದಳು ಕಾಕು. ಅವಳ ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

"ನಮ್ಮ ಮನ್ಯಾಗೂ ಪೌಡರ್ ಬಂತು ಬೇ, ನನ್ನ ಕೈ ಪೂರಾ ಹೋದ ಮ್ಯಾಲ. ಚಲೋನ ಆತು, ಇಲ್ಲನ್ನಂಗಿಲ್ಲ. ಆದ್ರ ನಿಮ್ಮ ಕಾಕಾ ಒಂದ ದಿನಾನೂ ಕೊಡತಿ ಕೈಯಾಗ ಹಿಡೀಲಿಲ್ಲ ನೋಡು."

"ಕಾಕು, ಫೋನ್ ಇಡ್ಲೇನ್ರಿ?" ಎಂದೆ.

"ಇಡಬ್ಯಾಡ. ಇನ್ನಟ್ಟೊತ್ತು ಹಿಂಗ ಹಿಡಿ. ಆ ಮನಷಾ ಕುಟ್ಟೋದು ನೋಡ್ತೇನಿ."

ಬಸ್ಸಿಗೆ ಹೊತ್ತಾಗುವವರೆಗೂ ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ.